ಮುಷ್ಕರ ಮುಗಿದ ಮೇಲೆ

ಶಿವಮೊಗ್ಗ ನಗರಕ್ಕೂ ಭದ್ರಾವತಿಗೂ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರುಗಳ ದಾರಿ. ಈ ಎರಡು ಊರುಗಳಿಗೂ ಸಮೀಪವಾದ ಸೋಗಾನೆಯಲ್ಲಿ ಇಂದು ವಿಮಾನಗಳು ಬಂದಿಳಿಯುತ್ತವೆ. 2023ರ ಫೆಬ್ರವರಿ 27ರಂದು ಪ್ರಧಾನಮಂತ್ರಿಗಳಿಂದ ಉದ್ಘಾಟನೆಗೊಂಡ ಈ ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರು. ಕಟ್ಟಡಕ್ಕೆ ಅರಳಿದ ತಾವರೆಯ ಆಕಾರ. ಓಡುದಾರಿಯ ಉದ್ದ 3,200 ಮೀಟರು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಮೊದಲ ಪ್ರಯಾಣಿಕ ವಿಮಾನ ಇಲ್ಲಿ ನೆಲ ಮುಟ್ಟಿದಾಗ, ಮಲೆನಾಡಿನ ಹೆಬ್ಬಾಗಿಲೆನಿಸಿದ ಊರಿಗೆ ಆಕಾಶದ ಬಾಗಿಲೂ ತೆರೆಯಿತೆಂದು ಜನ ಹಿಗ್ಗಿದರು.

ವಿಮಾನವೇರಿದ ಪ್ರಯಾಣಿಕನು ಕಿಟಕಿಯಿಂದ ಅಡಿಕೆಯ ತೋಟಗಳನ್ನೂ, ಬೆಳ್ಳಿಯ ಗೆರೆಗಳಂತೆ ಹರಿಯುವ ತುಂಗೆ ಭದ್ರೆಯರನ್ನೂ ನೋಡಿ ಸಂತೋಷಪಡುತ್ತಾನೆ. ಆದರೆ ಅವನನ್ನು ಹೊತ್ತು ತರುವ ಇಬ್ಬರನ್ನು ಅವನು ಕಾಣುವುದೇ ಇಲ್ಲ. ಮುಚ್ಚಿದ ಬಾಗಿಲಿನ ಹಿಂದೆ, ಮಂಚದಷ್ಟೂ ಅಗಲವಿಲ್ಲದ ಒಂದು ಗೂಡಿನಲ್ಲಿ, ಮೊಣಕೈಗೆ ಮೊಣಕೈ ತಗಲುವಷ್ಟು ಹತ್ತಿರದಲ್ಲಿ ಆ ಇಬ್ಬರು ಕುಳಿತಿರುತ್ತಾರೆ. ಒಬ್ಬನು ವಿಮಾನವನ್ನು ನಡೆಸುವವನು. ಮತ್ತೊಬ್ಬನು ಆ ನಡೆಯನ್ನು ಕ್ಷಣಕ್ಷಣವೂ ಗಮನಿಸುವವನು. ಒಬ್ಬನು ಪಟ್ಟಿಯನ್ನು ಓದುತ್ತಾನೆ. ಮತ್ತೊಬ್ಬನು ಉತ್ತರ ಹೇಳುತ್ತಾನೆ. ಒಬ್ಬನು ತಪ್ಪಿದರೆ ಮತ್ತೊಬ್ಬನು ಕೂಡಲೇ ಎಚ್ಚರಿಸಬೇಕು. ನೂರಾರು ಜೀವಗಳು ನಿಂತಿರುವುದು ಈ ಸವಾಲು ಜವಾಬುಗಳ ಮೇಲೆ. ಹೀಗಿರುವಾಗ ಆ ಇಬ್ಬರ ನಡುವೆ ಮಾತೇ ನಿಂತುಹೋಗಿದ್ದರೆ? ಹತ್ತು ವರ್ಷಗಳ ಹಿಂದೆ ನಡೆದ ಒಂದು ಮುಷ್ಕರದಲ್ಲಿ ಒಬ್ಬನು ಹೊರಗೆ ನಿಂತಿದ್ದು, ಮತ್ತೊಬ್ಬನು ಒಳಗೆ ಹೋಗಿದ್ದರೆ?

ಈ ಪ್ರಶ್ನೆಯನ್ನು ವಿಮಾನದ ಪರಿಚಯವಿಲ್ಲದ ಭದ್ರಾವತಿಯ ಮುದುಕನೊಬ್ಬನ ಮುಂದಿಟ್ಟರೂ ಅವನಿಗೆ ಅದು ಹೊಸದೆನಿಸಲಾರದು. ಕಾರ್ಖಾನೆಯ ಊರಿನಲ್ಲಿ ಬಾಳಿದವನಿಗೆ ‘ಒಳಗೆ ಹೋದವರು’, ‘ಹೊರಗೆ ನಿಂತವರು’ ಎಂಬ ಎರಡು ಮಾತುಗಳ ತೂಕ ಚೆನ್ನಾಗಿ ಗೊತ್ತು. ಮುಷ್ಕರವು ಒಂದು ದಿನ ಮುಗಿಯುತ್ತದೆ. ಒಪ್ಪಂದಕ್ಕೆ ಸಹಿ ಬೀಳುತ್ತದೆ, ಬಾಗಿಲು ತೆರೆಯುತ್ತದೆ, ಸಂಬಳದ ಅಂಕಿ ಏರುತ್ತದೆ, ಇಲ್ಲವೆ ಇದ್ದಲ್ಲೇ ಉಳಿಯುತ್ತದೆ. ಮಾಲೀಕನ ಮೇಲಣ ಕೋಪ ಕಾಲಕ್ರಮದಲ್ಲಿ ತಣ್ಣಗಾಗುತ್ತದೆ. ತಣ್ಣಗಾಗದೆ ಉಳಿಯುವುದು ಜೊತೆಯವನ ಮೇಲಣ ಕೋಪ. ಅದು ಬೂದಿ ಮುಚ್ಚಿದ ಕೆಂಡದಂತೆ. ಈ ಮಾತಿಗೆ ಜಗತ್ತಿನ ವಿಮಾನ ಚಾಲಕರ ಇತಿಹಾಸದಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ.

ಜ್ಯೇಷ್ಠತೆಯ ಏಣಿ

ವಿಮಾನ ಚಾಲಕನು ಕೈತುಂಬ ಸಂಬಳ ಪಡೆಯುವವನು. ಅವನಿಗೂ ಕಾರ್ಮಿಕನ ಕಷ್ಟಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಮೇಲುನೋಟಕ್ಕೆ ಇದು ಸರಿಯೆಂದು ತೋರಬಹುದು. ಆದರೆ ಆ ವೃತ್ತಿಯ ಒಳಕಟ್ಟನ್ನು ನೋಡಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ.

ಒಬ್ಬ ವೈದ್ಯನು ಒಂದು ಆಸ್ಪತ್ರೆಯನ್ನು ಬಿಟ್ಟು ಮತ್ತೊಂದಕ್ಕೆ ಹೋದರೆ ಅವನ ಅನುಭವವೂ ಅವನ ಜೊತೆಯಲ್ಲೇ ಹೋಗುತ್ತದೆ. ವಿಮಾನ ಚಾಲಕನ ಸ್ಥಿತಿ ಹಾಗಲ್ಲ. ಪ್ರತಿಯೊಂದು ಬಗೆಯ ವಿಮಾನಕ್ಕೂ ಅವನು ಪ್ರತ್ಯೇಕವಾಗಿ ತರಬೇತಿ ಪಡೆದು ಅರ್ಹತೆ ಸಂಪಾದಿಸಬೇಕು. ಅನೇಕ ಸಂಸ್ಥೆಗಳಲ್ಲಿ ಎಲ್ಲ ಚಾಲಕರ ಹೆಸರುಗಳೂ ಸೇವೆಗೆ ಸೇರಿದ ಕ್ರಮದಲ್ಲಿ ಒಂದೇ ಪಟ್ಟಿಯಲ್ಲಿರುತ್ತವೆ. ಸಹಚಾಲಕನು ನಾಲ್ಕು ಪಟ್ಟೆಗಳ ಕಮಾಂಡರ್ ಆಗುವುದು, ಚಿಕ್ಕ ವಿಮಾನದಿಂದ ದೊಡ್ಡದಕ್ಕೆ ಏರುವುದು, ಹಬ್ಬದ ದಿನ ರಜೆ ಪಡೆಯುವುದು, ಇವೆಲ್ಲವನ್ನೂ ಆ ಪಟ್ಟಿಯೇ ನಿರ್ಧರಿಸುತ್ತದೆ. ಕೆಲಸ ಬಿಟ್ಟು ಬೇರೆಡೆಗೆ ಹೋದರೆ ಅಲ್ಲಿಯ ಪಟ್ಟಿಯ ತಳದಿಂದ ಮತ್ತೆ ಆರಂಭಿಸಬೇಕಾಗುವುದೇ ಹೆಚ್ಚು. ಆದ್ದರಿಂದ ತನ್ನ ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಎಂಬುದು ಅವನಿಗೆ ತನ್ನ ಮನೆಯವರ ಹುಟ್ಟುಹಬ್ಬದಷ್ಟೇ ನೆನಪಿರುತ್ತದೆ.

ಇಂಥ ಏಣಿಯ ಮೇಲೆ ನಿಂತವರು ಮುಷ್ಕರ ಹೂಡಿದಾಗ ಏನಾಗುತ್ತದೆಂಬುದನ್ನು ಊಹಿಸಬಹುದು. ಒಬ್ಬನು ಕೆಲಸ ನಿಲ್ಲಿಸಿ ಕೆಳಗಿಳಿಯುತ್ತಾನೆ; ಕೆಲಸಕ್ಕೆ ಹೋದವನು ಅದೇ ಮೆಟ್ಟಿಲನ್ನು ಏರಿಬಿಡುತ್ತಾನೆ. ನಷ್ಟವಾದದ್ದು ಒಂದು ತಿಂಗಳ ಸಂಬಳವಾಗಿದ್ದರೆ ಮರೆಯಬಹುದಿತ್ತು. ಆದರೆ ಆ ಮೆಟ್ಟಿಲು ನಿವೃತ್ತಿಯ ದಿನದವರೆಗೂ ಕಣ್ಣೆದುರಿಗೇ ಇರುತ್ತದೆ.

ಒಂದು ಸಂಸ್ಥೆ, ಎರಡು ಸಂಘ

ಭಾರತದಲ್ಲಿ 1953ರಲ್ಲಿ ವಿಮಾನ ಸಾರಿಗೆಯ ರಾಷ್ಟ್ರೀಕರಣವಾದಾಗ ಎರಡು ಸಂಸ್ಥೆಗಳು ಏರ್ಪಟ್ಟವು. ದೇಶದೊಳಗಣ ಸಂಚಾರಕ್ಕೆ ಇಂಡಿಯನ್ ಏರ್‌ಲೈನ್ಸ್, ಹೊರದೇಶಗಳ ಸಂಚಾರಕ್ಕೆ ಏರ್ ಇಂಡಿಯಾ. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಇವೆರಡೂ ಬೇರೆಬೇರೆ ಸಂಸಾರಗಳಾಗಿ ಬಾಳಿದವು. ಇಂಡಿಯನ್ ಏರ್‌ಲೈನ್ಸ್ ಚಾಲಕರಿಗೆ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್ ಎಂಬ ಸಂಘ. ಏರ್ ಇಂಡಿಯಾ ಚಾಲಕರಿಗೆ ಇಂಡಿಯನ್ ಪೈಲಟ್ಸ್ ಗಿಲ್ಡ್. ಸಂಬಳದ ಲೆಕ್ಕ ಬೇರೆ, ಬಡ್ತಿಯ ವೇಗ ಬೇರೆ, ಹಾರಿಸುತ್ತಿದ್ದ ವಿಮಾನಗಳ ಗಾತ್ರವೂ ಬೇರೆ.

2007ರಲ್ಲಿ ಸರ್ಕಾರವು ಎರಡನ್ನೂ ಒಂದುಗೂಡಿಸಿತು. ಕಾಗದದ ಮೇಲೆ ಮದುವೆಯಾಯಿತು. ಆದರೆ ಮನೆಯೊಳಗೆ ಎರಡು ಒಲೆಗಳು ಉರಿಯುತ್ತಲೇ ಇದ್ದವು. ಒಂದೇ ಹೆಸರಿನ ಸಂಸ್ಥೆಯಲ್ಲಿ ದುಡಿಯುವ ತಮಗೆ ಸಮಾನ ವೇತನವಿಲ್ಲವೆಂದು ಹಿಂದಿನ ಇಂಡಿಯನ್ ಏರ್‌ಲೈನ್ಸ್ ಚಾಲಕರು 2011ರ ಏಪ್ರಿಲ್ ಕೊನೆಯಲ್ಲಿ ಮುಷ್ಕರ ಹೂಡಿದರು. ಸಂಘದ ಮಾನ್ಯತೆ ರದ್ದಾಯಿತು. ಮುಂದಾಳುಗಳು ಕೆಲಸ ಕಳೆದುಕೊಂಡರು. ಹತ್ತು ದಿನಗಳ ಬಳಿಕ, ಮೇ 6ರಂದು, ಒಪ್ಪಂದವಾಗಿ ಕೆಲಸ ಕಳೆದುಕೊಂಡವರನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಎರಡು ಸಂಸಾರಗಳನ್ನು ಹೇಗೆ ಕೂಡಿಸಬೇಕೆಂದು ಹೇಳಲು ನ್ಯಾಯಮೂರ್ತಿ ಧರ್ಮಾಧಿಕಾರಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು.

ವರ್ಷ ಕಳೆಯುವುದರೊಳಗೆ ಸರದಿ ಬದಲಾಯಿತು. ಬೋಯಿಂಗ್ 787 ಎಂಬ ಹೊಸ ದೊಡ್ಡ ವಿಮಾನಗಳು ಬರುವುದರಲ್ಲಿದ್ದವು. ಅವನ್ನು ನಡೆಸುವ ತರಬೇತಿಯನ್ನು ಎರಡು ಕಡೆಯ ಚಾಲಕರಿಗೂ ಕೊಡುವುದೆಂದು ಆಡಳಿತವು ತೀರ್ಮಾನಿಸಿತು. ‘ದೊಡ್ಡ ವಿಮಾನಗಳು ಮೊದಲಿನಿಂದಲೂ ನಮ್ಮ ಪಾಲಿನವು, ನಮ್ಮಲ್ಲಿ ಕಮಾಂಡರ್ ಆಗಲು ಹೆಚ್ಚು ವರ್ಷ ಹಿಡಿಯುತ್ತದೆ, ಅವರನ್ನೂ ಸೇರಿಸಿದರೆ ನಮ್ಮ ಬಡ್ತಿ ಮತ್ತಷ್ಟು ದೂರ ಹೋಗುತ್ತದೆ’ ಎಂಬುದು ಗಿಲ್ಡಿನವರ ವಾದ. 2012ರ ಮೇ ತಿಂಗಳ ಮೊದಲ ವಾರ ಕಳೆಯುತ್ತಲೇ ಅವರು ಒಬ್ಬೊಬ್ಬರಾಗಿ ಅನಾರೋಗ್ಯದ ರಜೆ ಹಾಕಿದರು. ದೆಹಲಿಯ ಉಚ್ಚ ನ್ಯಾಯಾಲಯ ಮುಷ್ಕರಕ್ಕೆ ತಡೆಯಾಜ್ಞೆ ಕೊಟ್ಟಿತು. ಗಿಲ್ಡಿನ ಮಾನ್ಯತೆ ಹೋಯಿತು. 101 ಮಂದಿ ಚಾಲಕರು ಕೆಲಸದಿಂದ ವಜಾ ಆದರು. ಹೊರದೇಶಗಳ ಸಂಚಾರದ ಒಂದು ಭಾಗ ನಿಂತಿತು. ಐವತ್ತೆಂಟು ದಿನಗಳ ಬಳಿಕ, ಜುಲೈ 3ರಂದು, ನ್ಯಾಯಾಲಯದಲ್ಲಿ ಭರವಸೆ ಕೊಟ್ಟು ಅವರು ಕೆಲಸಕ್ಕೆ ಮರಳಲೊಪ್ಪಿದರು.

ಆ ಐವತ್ತೆಂಟು ದಿನಗಳೂ ಸಂಸ್ಥೆಯ ವಿಮಾನಗಳೆಲ್ಲ ನಿಂತಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಂದು ಸಂಘದವರು ಬೀದಿಯಲ್ಲಿದ್ದಾಗ ಇನ್ನೊಂದು ಸಂಘದವರು ಆಕಾಶದಲ್ಲಿದ್ದರು. ಯಾವ ವಿಮಾನಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ 787ರ ಮೊದಲನೆಯದು ಭಾರತಕ್ಕೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಮುಷ್ಕರ ಮುಗಿದು ಎರಡು ತಿಂಗಳಾದ ಮೇಲೆ. ನಿಷ್ಪಕ್ಷಪಾತವಾಗಿ ತೂಗಿ ನೋಡಿದರೆ ಎರಡು ಕಡೆಯವರ ಅಹವಾಲಿನಲ್ಲೂ ನ್ಯಾಯದ ಅಂಶವಿತ್ತು. ಸಮಾನ ಕೆಲಸಕ್ಕೆ ಸಮಾನ ವೇತನ ಬೇಡುವುದು ತಪ್ಪಲ್ಲ. ಕಾದು ಕುಳಿತವನು ತನ್ನ ಸರದಿಯನ್ನು ಕಾಪಾಡಿಕೊಳ್ಳಲೆಳಸುವುದೂ ತಪ್ಪಲ್ಲ. ಎರಡು ಮನೆಗಳನ್ನು ಕೂಡಿಸುವ ಮುನ್ನ ಪಟ್ಟಿಗಳನ್ನು ಕೂಡಿಸುವ ಬಗೆಯನ್ನು ಯೋಚಿಸದೆ ಹೋದದ್ದು ಮೂಲದ ತಪ್ಪು. ಆ ತಪ್ಪನ್ನು ಮಾಡಿದವರು ವರ್ಗವಾಗಿ ಹೋದರು. ಅದರ ಕಹಿಯನ್ನು ಉಂಡವರು ಒಂದೇ ಗೂಡಿನಲ್ಲಿ ಉಳಿದರು.

ಬೆಂಗಳೂರಿನ ಒಂದು ಅನುಭವ

ಕರ್ನಾಟಕದ ನೆಲದಲ್ಲೇ ನಡೆದ ಇನ್ನೊಂದು ಪ್ರಕರಣದ ಬಣ್ಣವೇ ಬೇರೆ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಸ್ಥಾಪಿಸಿ, ವಿಮಾನದ ಮೆಟ್ಟಿಲನ್ನು ಕಾಣದ ಸಾಮಾನ್ಯರನ್ನೂ ಹಾರಿಸಿದರು. 2005ರಲ್ಲಿ ಅದೇ ಬೆಂಗಳೂರಿನಲ್ಲಿ ವೈಭವದ ಸೇವೆಗೆ ಹೆಸರಾದ ಕಿಂಗ್‌ಫಿಷರ್ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಮೊದಲನೆಯದು ಎರಡನೆಯದರಲ್ಲಿ ಲೀನವಾಯಿತು. ಸಾಲದ ಹೊರೆ ಬೆಳೆಯಿತು. 2012ರ ಹೊತ್ತಿಗೆ ನೌಕರರಿಗೆ ಏಳು ತಿಂಗಳ ಸಂಬಳ ಬಾಕಿ ನಿಂತಿತು. ಸೆಪ್ಟೆಂಬರ್ ಕೊನೆಯಲ್ಲಿ ಎಂಜಿನಿಯರುಗಳೂ ಚಾಲಕರೂ ಕೆಲಸ ನಿಲ್ಲಿಸಿದರು. ಸಂಸ್ಥೆ ಬೀಗಮುದ್ರೆ ಘೋಷಿಸಿತು. ಅಕ್ಟೋಬರ್ 20ರಂದು ಅದರ ಹಾರಾಟದ ಪರವಾನಗಿಯನ್ನು ಅಮಾನತ್ತಿನಲ್ಲಿಡಲಾಯಿತು. ಬಾಕಿಯ ಒಂದಂಶ ಕೊಡುವ ಮಾತಿನ ಮೇಲೆ ನೌಕರರು ಆ ತಿಂಗಳ ಕೊನೆಯ ವಾರದಲ್ಲಿ ಕೆಲಸಕ್ಕೆ ಮರಳಲೊಪ್ಪಿದರು. ಆದರೆ ಆ ಹೆಸರಿನ ವಿಮಾನ ಮತ್ತೆಂದೂ ಮೇಲೇರಲಿಲ್ಲ.

ಇಲ್ಲಿ ಕಹಿಗೆ ಇನ್ನೊಂದು ಕಾರಣ ಸೇರಿಕೊಂಡಿತು. ಏರ್ ಇಂಡಿಯಾದಲ್ಲಿ ಜಗಳವಾಡಿದವರಿಗೆ ಮರುದಿನ ಒಟ್ಟಿಗೆ ಕೂರುವ ಅನಿವಾರ್ಯತೆಯಾದರೂ ಇತ್ತು. ಕಿಂಗ್‌ಫಿಷರ್‌ನಲ್ಲಿ ಸಂಸ್ಥೆಯೇ ಮುಳುಗಿದ್ದರಿಂದ ಒಟ್ಟಿಗೆ ಕೂರುವ ಜಾಗವೇ ಇಲ್ಲವಾಯಿತು. ಬೇಗನೆ ಬೇರೆ ಕೆಲಸ ಹಿಡಿದು ಹೋದವರು ಒಂದು ಕಡೆ. ಸಂಸ್ಥೆಯನ್ನು ನಂಬಿ ಕೊನೆಯವರೆಗೂ ಉಳಿದು ಎಲ್ಲವನ್ನೂ ಕಳೆದುಕೊಂಡವರು ಇನ್ನೊಂದು ಕಡೆ. ಮುಷ್ಕರ ಹೂಡಿದ್ದರಿಂದಲೇ ಸಂಸ್ಥೆ ಸತ್ತಿತೋ, ಸಾಯುತ್ತಿದ್ದ ಸಂಸ್ಥೆಯಲ್ಲಿ ಮುಷ್ಕರ ಅನಿವಾರ್ಯವಾಯಿತೋ ಎಂಬ ವಾದಕ್ಕೆ ಇಂಥ ಸಂದರ್ಭಗಳಲ್ಲಿ ಕೊನೆಯಿರುವುದಿಲ್ಲ. ಸಂಬಳ ಕೊಡದ ಸಂಸ್ಥೆಯನ್ನು ದೂರುವುದು ನ್ಯಾಯ. ಆದರೆ ಅದು ಎದುರಿಗಿಲ್ಲ. ಎದುರಿಗಿರುವವನು ಹಳೆಯ ಗೆಳೆಯ.

ಆಸ್ಟ್ರೇಲಿಯದ ಸಾಮೂಹಿಕ ರಾಜೀನಾಮೆ

ವಿಮಾನ ಚಾಲಕರ ಮುಷ್ಕರದ ನಂತರ ಕಹಿ ಎಷ್ಟು ಕಾಲ ಉಳಿಯಬಲ್ಲುದೆಂದು ತಿಳಿಯಬೇಕಾದರೆ ಆಸ್ಟ್ರೇಲಿಯವನ್ನು ನೋಡಬೇಕು. 1989ರಲ್ಲಿ ಅಲ್ಲಿಯ ಚಾಲಕರ ಸಂಘವು ಶೇಕಡ 29.47ರಷ್ಟು ವೇತನ ಹೆಚ್ಚಳವನ್ನು ಕೇಳಿತು. ಸರ್ಕಾರಕ್ಕೂ ಕಾರ್ಮಿಕ ಸಂಘಗಳಿಗೂ ನಡುವೆ ಆಗಿದ್ದ ವೇತನ ಒಡಂಬಡಿಕೆಯ ಮಿತಿ ಇದಕ್ಕಿಂತ ಎಷ್ಟೋ ಕೆಳಗಿತ್ತು. ಆಗ ಪ್ರಧಾನಿಯಾಗಿದ್ದವರು ಬಾಬ್ ಹಾಕ್. ಹಿಂದೆ ಅವರೇ ರಾಷ್ಟ್ರದ ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಕಾರ್ಮಿಕರ ನಾಯಕನಾಗಿ ಮೇಲೆ ಬಂದವನು ತಮ್ಮ ಎದುರಿಗೆ ನಿಂತನೆಂಬುದು ಚಾಲಕರನ್ನು ಇನ್ನಷ್ಟು ಕೆರಳಿಸಿತು.

ಆಗಸ್ಟ್ ತಿಂಗಳಲ್ಲಿ ಚಾಲಕರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ ಹಾರಿಸುವುದಾಗಿ ಸಾರಿದರು. ಸಂಸ್ಥೆಗಳು ಚಾಲಕರ ಮೇಲೆ ವೈಯಕ್ತಿಕವಾಗಿ ನಷ್ಟಪರಿಹಾರದ ಮೊಕದ್ದಮೆಗೆ ಮುಂದಾದವು. ಮನೆ ಮಠಗಳನ್ನು ಉಳಿಸಿಕೊಳ್ಳುವ ಉಪಾಯವೆಂದು ಸುಮಾರು 1,640 ಮಂದಿ ಚಾಲಕರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಅದೇ ಅವರಿಗೆ ಮುಳುವಾಯಿತು. ರಾಜೀನಾಮೆಯಿತ್ತವರು ಸಂಸ್ಥೆಯ ನೌಕರರೇ ಅಲ್ಲವೆಂದ ಮೇಲೆ ಮಾತುಕತೆ ಯಾರೊಡನೆ? ಸರ್ಕಾರವು ವಾಯುಪಡೆಯ ವಿಮಾನಗಳಲ್ಲಿ ಪ್ರಯಾಣಿಕರನ್ನು ಸಾಗಿಸಿತು. ಹೊರದೇಶಗಳಿಂದ ವಿಮಾನಗಳೂ ಚಾಲಕರೂ ಬಂದರು. ಸ್ವದೇಶದ ಚಾಲಕರಲ್ಲೂ ಕೆಲವರು ಹೊಸ ಕರಾರಿಗೆ ಸಹಿ ಹಾಕಿ ಒಳಗೆ ಹೋದರು. 1990ರ ಮಾರ್ಚಿನ ಹೊತ್ತಿಗೆ ಹೋರಾಟ ಕರಗಿಹೋಯಿತು. ನೂರಾರು ಮಂದಿ ಮತ್ತೆ ತಮ್ಮ ನಾಡಿನ ಆಕಾಶದಲ್ಲಿ ಹಾರಲಿಲ್ಲ; ಸಂಸಾರ ಕಟ್ಟಿಕೊಂಡು ಏಷ್ಯಕ್ಕೆ, ಯುರೋಪಿಗೆ, ಕೊಲ್ಲಿಯ ದೇಶಗಳಿಗೆ ವಲಸೆ ಹೋದರು.

ಮುಂದಿನ ದಶಕಗಳಲ್ಲಿ ಆ ಚಾಲಕರಲ್ಲಿ ಇಬ್ಬರು ಯಾವ ದೇಶದ ನಿಲ್ದಾಣದಲ್ಲಿ ಎದುರಾದರೂ ಮೊದಲು ಮನಸ್ಸಿಗೆ ಬರುತ್ತಿದ್ದ ಪ್ರಶ್ನೆ ಒಂದೇ: 1989ರಲ್ಲಿ ಇವನು ಎಲ್ಲಿದ್ದ? ಒಳಗೆ ಹೋದವರ ಹೆಸರುಗಳ ಪಟ್ಟಿಗಳು ಕೈಯಿಂದ ಕೈಗೆ ಹರಿದಾಡಿದವು. ಆ ಪಟ್ಟಿಯಲ್ಲಿ ಹೆಸರಿದ್ದವನ ಕೈ ಕುಲುಕದವರುಂಟು. ಅವನೊಡನೆ ಊಟದ ಮೇಜಿಗೆ ಕೂರದವರುಂಟು. ಚಾಲಕರ ಕೊಠಡಿಯಲ್ಲಿ ಮಡಿಸಿಟ್ಟ ಹೆಚ್ಚುವರಿ ಪೀಠವೊಂದಿರುತ್ತದೆ. ಊರಿಗೆ ಹೊರಟ ಬೇರೆ ಚಾಲಕನಿಗೆ ಕಮಾಂಡರನು ಸೌಜನ್ಯದಿಂದ ಅದನ್ನು ಕೊಡುವುದು ಈ ವೃತ್ತಿಯ ಹಳೆಯ ಸಂಪ್ರದಾಯ. ಮುಷ್ಕರ ಮುರಿದವನಿಗೆ ಆ ಪೀಠವನ್ನು ನಿರಾಕರಿಸುವುದು ಮೌನವಾದ ಶಿಕ್ಷೆ. ಅಮೆರಿಕದಲ್ಲೂ ಹೀಗೆಯೇ ಆಯಿತು. ಅಲ್ಲಿಯ ಕಾಂಟಿನೆಂಟಲ್ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾಗಿ 1985ರವರೆಗೆ ಎಳೆದ ಮುಷ್ಕರದ ಪಟ್ಟಿಗಳನ್ನು, ಅದರಲ್ಲಿದ್ದವರು ನಿವೃತ್ತರಾಗುವವರೆಗೂ ಜೋಪಾನವಾಗಿ ಕಾಪಾಡಿಕೊಂಡವರಿದ್ದರು.

ಇನ್ನೊಂದು ವಿಪರ್ಯಾಸವನ್ನು ನೋಡಿರಿ. ಆಸ್ಟ್ರೇಲಿಯದ ಆ ಹೋರಾಟದಲ್ಲಿ ಮಾಲೀಕರ ಪಾಳೆಯದ ಮುಖ್ಯ ಸಂಸ್ಥೆಗಳಲ್ಲೊಂದಾದ ಆಸ್ಟ್ರೇಲಿಯನ್ ಏರ್‌ಲೈನ್ಸ್ 1992ರಲ್ಲಿ ಕ್ವಾಂಟಾಸ್ ಸಂಸ್ಥೆಯ ಕೈ ಸೇರಿತು. ಮತ್ತೊಂದಾದ ಆನ್ಸೆಟ್ 2001ರ ಸೆಪ್ಟೆಂಬರಿನಲ್ಲಿ ಕುಸಿದುಬಿತ್ತು. ಗೆದ್ದವರು ಇಲ್ಲವಾದರು. ಸೋತವರ ನಡುವಣ ಹಗೆ ಮಾತ್ರ ಆ ಬಳಿಕವೂ ಬದುಕಿತ್ತು.

ಲಂಡನ್ನಿನ ಒಂದು ಸಂಜೆ

ಇಷ್ಟಾದರೂ ಇದು ಚಾಲಕರ ಮನೆಯ ಜಗಳ, ಪ್ರಯಾಣಿಕನಿಗೆ ಇದರಿಂದೇನು ಎಂದು ಕೇಳಬಹುದು. ಉತ್ತರಕ್ಕಾಗಿ 1972ರ ಜೂನ್ 18ರ ಸಂಜೆಯನ್ನು ನೆನೆಯಬೇಕು. ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಸಂಸ್ಥೆಯ ಚಾಲಕರಲ್ಲಿ ಆಗ ಮುಷ್ಕರದ ಮಾತು ಬಿಸಿಯಾಗಿತ್ತು. ಐವತ್ತೊಂದು ವರ್ಷದ ಹಿರಿಯ ಚಾಲಕ ಸ್ಟ್ಯಾನ್ಲಿ ಕೀ ಮುಷ್ಕರದ ವಿರೋಧಿ. ಅವರನ್ನು ಹಳಿಯುವ ಬರಹಗಳು ಆ ಸಂಸ್ಥೆಯ ಟ್ರೈಡೆಂಟ್ ವಿಮಾನಗಳ ಚಾಲಕರ ಕೊಠಡಿಗಳಲ್ಲೇ ಕಾಣಿಸಿಕೊಂಡಿದ್ದವು.

ಆ ದಿನ ಲಂಡನ್ನಿನ ಹೀತ್ರೋ ನಿಲ್ದಾಣದ ಚಾಲಕರ ವಿಶ್ರಾಂತಿ ಕೊಠಡಿಯಲ್ಲಿ ಮುಷ್ಕರದ ಪರವಾಗಿದ್ದ ಸಹೋದ್ಯೋಗಿಯೊಬ್ಬನಿಗೂ ಕೀ ಅವರಿಗೂ ತೀವ್ರವಾದ ವಾಗ್ವಾದ ನಡೆಯಿತು. ಸ್ವಲ್ಪ ಹೊತ್ತಿನಲ್ಲೇ ಕೀ ಕ್ಷಮೆ ಕೇಳಿದರು. ಜಗಳ ಮುಗಿಯಿತೆಂದು ತೋರಿತು. ಆದರೆ ಅವರ ಸಿಟ್ಟನ್ನು ಕಣ್ಣಾರೆ ಕಂಡಿದ್ದ ಇಬ್ಬರು ಎಳೆಯ ಚಾಲಕರೇ ಆ ಸಂಜೆ ಅವರ ಜೊತೆಗೆ ಬ್ರಸೆಲ್ಸ್‌ಗೆ ಹೊರಟ ವಿಮಾನದಲ್ಲಿ ಕುಳಿತರು. ಅವರಲ್ಲಿ ಸಹಚಾಲಕನಿಗೆ ಇಪ್ಪತ್ತೆರಡೇ ವರ್ಷ. ನೆಲ ಬಿಟ್ಟು ಎರಡು ನಿಮಿಷಗಳಾಗುವುದರೊಳಗೆ, ರೆಕ್ಕೆಯ ಮುಂಚೂಣಿಯಲ್ಲಿ ವಿಮಾನವನ್ನು ಎತ್ತಿಹಿಡಿಯುವ ಫಲಕಗಳು ಬೇಕಾದ ವೇಗ ಬರುವ ಮೊದಲೇ ಒಳಕ್ಕೆ ಸೇರಿದವು. ಎಚ್ಚರಿಕೆಯ ಸಾಧನ ಮತ್ತೆಮತ್ತೆ ಸೂಚನೆ ಕೊಟ್ಟಿತು. ಯಾರೂ ಅದನ್ನು ಸರಿಪಡಿಸಲಿಲ್ಲ. ವಿಮಾನವು ಸ್ಟೇನ್ಸ್ ಎಂಬ ಊರಿನ ಬಳಿ ಬಿದ್ದು 118 ಮಂದಿಯೂ ಸತ್ತರು.

ಮುಷ್ಕರದ ಜಗಳವೇ ವಿಮಾನವನ್ನು ಬೀಳಿಸಿತೆಂದು ವಿಚಾರಣಾ ಮಂಡಲಿ ಹೇಳಲಿಲ್ಲ. ಕೀ ಅವರ ಹೃದಯದ ರೋಗ, ಸಹಚಾಲಕನ ಅನುಭವದ ಕೊರತೆ, ತರಬೇತಿಯ ಲೋಪಗಳು, ಹೀಗೆ ಹಲವು ಕಾರಣಗಳು ಹೆಣೆದುಕೊಂಡಿದ್ದವು. ಜಗಳದ ಉದ್ವೇಗವು ಆ ದುರ್ಬಲ ಹೃದಯದ ಮೇಲೆ ಮಾಡಿರಬಹುದಾದ ಪರಿಣಾಮವೂ ಚರ್ಚೆಗೆ ಬಂತು. ಆದರೆ ಚಾಲಕರ ಮಾತುಗಳನ್ನು ಮುದ್ರಿಸುವ ಯಂತ್ರ ಆ ವಿಮಾನದಲ್ಲಿ ಇರಲಿಲ್ಲ. ಹಿರಿಯನ ಸಿಟ್ಟಿಗೆ ಹೆದರಿ ಕಿರಿಯನು ಬಾಯಿ ಬಿಡಲಿಲ್ಲವೋ, ಅಥವಾ ತಪ್ಪು ಅವನ ಕಣ್ಣಿಗೇ ಬೀಳಲಿಲ್ಲವೋ, ಆ ಪ್ರಶ್ನೆಗೆ ಉತ್ತರ ಕೊನೆಗೂ ದೊರೆಯಲಿಲ್ಲ. ಆ ದುರಂತದ ಬಳಿಕ ಬ್ರಿಟನ್ನಿನಲ್ಲಿ ದೊಡ್ಡ ವಿಮಾನಗಳಿಗೆ ಧ್ವನಿಮುದ್ರಣ ಯಂತ್ರ ಕಡ್ಡಾಯವಾಯಿತು. ಮುಂದೆ, 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮಡಿದ ಮೇಲೆ, ಹಿರಿಯನ ಎದುರಿಗೆ ಕಿರಿಯನು ನಿರ್ಭಯವಾಗಿ ಮಾತಾಡುವುದನ್ನು ಕಲಿಸುವ ಶಿಕ್ಷಣವೇ ಪ್ರಪಂಚದಾದ್ಯಂತ ಬೆಳೆಯಿತು. ಇಂದು ಚಾಲಕರು ಮನಸ್ಸಿನಲ್ಲಿ ಎಷ್ಟೇ ಕಹಿಯಿದ್ದರೂ ಪಟ್ಟಿಯ ಸವಾಲು ಜವಾಬುಗಳನ್ನು ತಪ್ಪದೆ ನಡೆಸುತ್ತಾರೆ. ಆದರೆ ನಿಯಮದಿಂದ ಆಡುವ ಮಾತು ಒಂದು. ‘ಇಂದು ನಿನಗೆ ಮೈ ಸರಿಯಿಲ್ಲವೇ?’ ಎಂದು ಮುಖ ನೋಡಿ ಕೇಳುವ ಮಾತು ಇನ್ನೊಂದು. ಎರಡನೆಯದನ್ನು ಯಾವ ನಿಯಮವೂ ಆಡಿಸಲಾರದು.

ಭದ್ರಾವತಿಯ ಬಾಗಿಲಲ್ಲಿ

ಆಕಾಶದ ಈ ವೃತ್ತಾಂತವನ್ನು ಕೇಳಿ ಭದ್ರಾವತಿಯ ಕಡೆಗೆ ತಿರುಗಿದರೆ, ಅಲ್ಲಿಯ ಚಿತ್ರಕ್ಕೂ ಇದಕ್ಕೂ ಇರುವ ಹೋಲಿಕೆ ಮನಸ್ಸಿಗೆ ನಾಟುತ್ತದೆ. ಒಂದು ಕಾಲದಲ್ಲಿ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವ. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡರ ಸುತ್ತಲೂ ಊರು ಬೆಳೆಯಿತು. ತಂದೆ ಕುಲುಮೆಯಲ್ಲಿ, ಮಗ ಕಾಗದದಲ್ಲಿ, ಅಳಿಯ ಕಾರ್ಖಾನೆಯ ಆಸ್ಪತ್ರೆಯಲ್ಲಿ ಎನ್ನುವಂಥ ಮನೆಗಳು ಇಲ್ಲಿ ಅಪರೂಪವಾಗಿರಲಿಲ್ಲ.

ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಸ್ವಯಂ ನಿವೃತ್ತಿಯ ಹಣ ಪಡೆದು ಹೋದವರು ಕೆಲವರು. ಕಾರ್ಖಾನೆ ಮತ್ತೆ ತೆರೆಯುವುದೆಂದು ನಂಬಿ ಸಹಿ ಹಾಕದೆ ಉಳಿದವರು ಕೆಲವರು. ಉಕ್ಕಿನ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಶ್ರಯಕ್ಕೆ ಬಂದು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಸ್ವಂತ ಗಣಿಯಿಲ್ಲದ ಕೊರತೆ ಅದನ್ನು ವರ್ಷ ವರ್ಷವೂ ಕೊರೆಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಅದೇ ತಿಂಗಳು ಗುತ್ತಿಗೆಯ ಕಾರ್ಮಿಕರು ಕಾರ್ಖಾನೆಯ ಬಾಗಿಲಲ್ಲಿ ಚಪ್ಪರ ಹಾಕಿ ಕುಳಿತರು. ಮುಂದಿನ ತಿಂಗಳು ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾದಾಗಲೂ ಅವರು ಅಲ್ಲೇ ಕುಳಿತಿದ್ದರು. ಆಗಸ್ಟಿನಲ್ಲಿ ಮೊದಲ ವಿಮಾನ ಇಳಿದಾಗಲೂ ಅಲ್ಲಿಂದ ಏಳಲಿಲ್ಲ. ಆ ಧರಣಿ ಮುನ್ನೂರು ದಿನಗಳನ್ನೂ ದಾಟಿತು.

ಒಂದೇ ಕುಲುಮೆಯ ಮುಂದೆ, ಒಂದೇ ಬಿಸಿಯಲ್ಲಿ ಬೆವರುವವರಲ್ಲಿ ಒಬ್ಬನು ಕಾಯಂ, ಇನ್ನೊಬ್ಬನು ಗುತ್ತಿಗೆ. ಒಬ್ಬನಿಗೆ ಪಟ್ಟಿಯಲ್ಲಿ ಹೆಸರುಂಟು. ಇನ್ನೊಬ್ಬನಿಗೆ ತಿಂಗಳಿಗೆ ಎಷ್ಟು ದಿನದ ಕೆಲಸವೆಂಬ ಭರವಸೆಯೂ ಇಲ್ಲ. ಕಾರ್ಖಾನೆ ಮುಚ್ಚಿದರೆ ಕಾಯಂ ನೌಕರನು ದೂರದ ಇನ್ನೊಂದು ಘಟಕಕ್ಕೆ ಹೋದಾನು. ಗುತ್ತಿಗೆಯವನು ಎಲ್ಲಿಗೆ ಹೋಗಬೇಕು? ಏರ್ ಇಂಡಿಯಾದ ಎರಡು ಸಂಘಗಳ ಪ್ರಶ್ನೆಯೂ ತಿರುಳಿನಲ್ಲಿ ಇದೇ ಆಗಿತ್ತು: ಕೆಲಸ ಒಂದು, ಪಟ್ಟಿ ಎರಡು. ಸಂಬಳದ ಅಂತರದಲ್ಲಿ ಚಾಲಕನಿಗೂ ಕಾರ್ಮಿಕನಿಗೂ ಅಜಗಜಾಂತರವಿರಬಹುದು. ಮನಸ್ಸು ಮುರಿಯುವ ರೀತಿಯಲ್ಲಿ ಅಂತರವಿಲ್ಲ.

ಆದರೆ ಚಾಲಕರಿಗಿಲ್ಲದ ಒಂದು ಕಷ್ಟ ಭದ್ರಾವತಿಯಂಥ ಊರಿಗುಂಟು. ವಿಮಾನ ಇಳಿದ ಮೇಲೆ ಚಾಲಕರಿಬ್ಬರೂ ಬೇರೆಬೇರೆ ದಾರಿ ಹಿಡಿದು ಹೋಗಬಹುದು. ಕಾರ್ಖಾನೆಯ ಊರಿನಲ್ಲಿ ಆ ಸೌಕರ್ಯವಿಲ್ಲ. ಅದೇ ಓಣಿ, ಅದೇ ಪಡಿತರದ ಅಂಗಡಿ, ಅದೇ ಜಾತ್ರೆ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂರುವವನೂ ಅವನೇ. ಆದ್ದರಿಂದಲೇ ಇಲ್ಲಿ ಕಹಿ ಹೆಚ್ಚು ಅಪಾಯಕರ. ಆದ್ದರಿಂದಲೇ ಅದನ್ನು ಕಳೆಯುವ ಅವಕಾಶವೂ ಇಲ್ಲಿ ಹೆಚ್ಚು.

ಬೂದಿಯನ್ನು ಕೆದಕುವ ಬಗೆ

ಕಹಿ ಕರಗುವುದೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಂಸ್ಥೆಗೆ ಮರಳಿತು. ಮರುವರ್ಷ ಹೊಸ ವೇತನ ಕರಾರು ಬಂದಾಗ, 2012ರಲ್ಲಿ ಒಬ್ಬರನ್ನೊಬ್ಬರು ಎದುರಿಸಿದ್ದ ಆ ಎರಡು ಸಂಘಗಳೂ ಒಂದೇ ಧ್ವನಿಯಿಂದ ಅದನ್ನು ವಿರೋಧಿಸಿದವು. 2023ರ ಏಪ್ರಿಲಿನಲ್ಲಿ 1,500ಕ್ಕೂ ಹೆಚ್ಚು ಚಾಲಕರು ಒಟ್ಟಾಗಿ ರತನ್ ಟಾಟಾ ಅವರಿಗೆ ಮನವಿ ಬರೆದರು. ಹನ್ನೊಂದು ವರ್ಷಗಳ ಹಿಂದೆ ಒಬ್ಬನ ಮೆಟ್ಟಿಲನ್ನು ಇನ್ನೊಬ್ಬನು ಕಸಿಯುತ್ತಾನೆಂದು ಹೆದರಿದವರು, ಏಣಿಯೇ ಅಲುಗಾಡಿದಾಗ ಅದನ್ನು ಒಟ್ಟಿಗೆ ಹಿಡಿದರು. ಸಮಾನವಾದ ಕಷ್ಟ ಮನುಷ್ಯರನ್ನು ಕೂಡಿಸುತ್ತದೆಂಬುದು ನಿಜ. ಆದರೆ ಕೂಡಲು ಇನ್ನೊಂದು ಕಷ್ಟ ಬರುವವರೆಗೂ ಕಾಯಬೇಕೆ ಎಂಬುದು ಪ್ರಶ್ನೆ.

ಒಪ್ಪಂದ ಬರೆಯುವವರು ಸಾಮಾನ್ಯವಾಗಿ ಸಂಬಳದ ಅಂಕಿಯನ್ನು ಮೊದಲು ಬರೆಯುತ್ತಾರೆ. ಯಾರ ಮೇಲೂ ಸೇಡಿನ ಕ್ರಮವಿಲ್ಲ, ಯಾರ ಜ್ಯೇಷ್ಠತೆಯೂ ಕೆಳಗಿಳಿಯುವುದಿಲ್ಲ ಎಂಬ ಮಾತನ್ನು ಕೊನೆಗೆ, ಬರೆದರೆ ಉಂಟು ಇಲ್ಲದಿದ್ದರೆ ಇಲ್ಲ. ಈ ಎಲ್ಲ ಪ್ರಕರಣಗಳೂ ಹೇಳುವುದೇನೆಂದರೆ, ಆ ಕೊನೆಯ ಮಾತೇ ಮೊದಲು ಬರಬೇಕಾದದ್ದು. ಎರಡು ಪಟ್ಟಿಗಳನ್ನು ಒಂದಾಗಿಸದೆ ಎರಡು ಸಂಸ್ಥೆಗಳನ್ನು ಒಂದಾಗಿಸಬಾರದು. ಹೊರಗೆ ನಿಂತವನ ನಷ್ಟವು ಒಳಗೆ ಹೋದವನ ಲಾಭವಾಗದಂತೆ ನೋಡಿಕೊಳ್ಳಬೇಕು. ಇದು ಆಡಳಿತದ ಹೊಣೆ.

ಉಳಿದದ್ದು ಜೊತೆಯವರ ಹೊಣೆ. ಹೊರಗೆ ನಿಂತವನು ಹಸಿವನ್ನು ನುಂಗಿ ನಿಂತಿರಬಹುದು. ಒಳಗೆ ಹೋದವನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯಿದ್ದಿರಬಹುದು. ಇಬ್ಬರೂ ತಮ್ಮ ಕಾರಣವನ್ನು ಒಬ್ಬರಿಗೊಬ್ಬರು ಹೇಳಿಕೊಂಡವರೇ ಅಲ್ಲ. ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತದೆ, ಕಾರಣವಿರುವುದಿಲ್ಲ.

ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ 2024ರ ಜೂನ್ ತಿಂಗಳಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್. ಡಿ. ಕುಮಾರಸ್ವಾಮಿಯವರು ಭೇಟಿಯಿತ್ತು ಪುನಶ್ಚೇತನದ ಭರವಸೆ ನೀಡಿದರು. ಆ ಭರವಸೆ ಫಲಿಸಿ ಕುಲುಮೆ ಮತ್ತೆ ಉರಿಯಲೆಂಬುದು ಊರಿನ ಎಲ್ಲರ ಹಾರೈಕೆ. ಹಾಗೆ ಉರಿದ ದಿನ ಬಾಗಿಲಲ್ಲಿ ಕುಳಿತಿದ್ದವನೂ, ಬಾಗಿಲ ಒಳಗಿದ್ದವನೂ, ಹಣ ಪಡೆದು ಮನೆಗೆ ಹೋಗಿದ್ದವನ ಮಗನೂ ಮತ್ತೆ ಅದೇ ಬಿಸಿಯ ಮುಂದೆ ನಿಲ್ಲಬೇಕಾಗುತ್ತದೆ. ಕರಗಿದ ಕಬ್ಬಿಣ ಹರಿಯುವ ಜಾಗದಲ್ಲೂ ವಿಮಾನದ ಗೂಡಿನಲ್ಲಿರುವಂತೆಯೇ ಒಬ್ಬನ ಪ್ರಾಣ ಇನ್ನೊಬ್ಬನ ಎಚ್ಚರಿಕೆಯ ಕೂಗಿನಲ್ಲಿರುತ್ತದೆ. ಆ ಹೊತ್ತಿಗೆ ಕೂಗಬೇಕಾದವನು ಕೂಗುವಂತಿರಬೇಕಾದರೆ, ಇಂದು ಓಣಿಯಲ್ಲಿ ಎದುರಾದಾಗ ಅವನು ಮುಖ ತಿರುಗಿಸಿಕೊಂಡು ಹೋಗದಂತಿರಬೇಕು.